ಅಗ್ಗದ ಪಿಸ್ತೂಲಿನ ಅಚ್ಚು

ಅಮೆರಿಕದಲ್ಲಿ ಮೊದಲ ಸಲ ಪಿಸ್ತೂಲು ಕೊಳ್ಳಲು ಹೊರಟವನ ಕೈಯಲ್ಲಿ ಕಾಸು ಕಡಿಮೆಯಿದ್ದರೆ ಅಂಗಡಿಯವನು ಗಾಜಿನ ಕಪಾಟಿನಿಂದ ತೆಗೆದಿಡುವ ಮಾಲು ಹೆಚ್ಚಿರುವುದಿಲ್ಲ. ಓಹಾಯೊದಲ್ಲಿ ತಯಾರಾದ, ಸತುವಿನ ಮಿಶ್ರಲೋಹದ ದಪ್ಪ ಸ್ಲೈಡಿನ ಹೈ-ಪಾಯಿಂಟ್ ಒಂದು. ಬ್ರೆಜಿಲ್ ಮೂಲದ ಟಾರಸ್ ಕಂಪನಿಯ ಪ್ಲಾಸ್ಟಿಕ್ ಚೌಕಟ್ಟಿನದು ಇನ್ನೊಂದು. ಪೊಲೀಸರು ಬಳಸಿ ಬಿಟ್ಟ ಇಲ್ಲವೇ ಗಿರವಿ ಅಂಗಡಿಗೆ ಬಿದ್ದ ಹಳೆಯ ರಿವಾಲ್ವರುಗಳು ಒಂದಿಷ್ಟು. ಇವೇ ಏಕೆ ಅಗ್ಗ, ಇದೇ ಲೋಹ ಇದೇ ಗಾತ್ರ ಏಕೆ ಎಂದು ಕೇಳಿದರೆ ಯಂತ್ರ, ಕೂಲಿ, ಕಚ್ಚಾಮಾಲಿನ ಲೆಕ್ಕ ಸಿಗುತ್ತದೆ. ಆ ಲೆಕ್ಕ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಕಳೆದ ನೂರೈವತ್ತು ವರ್ಷಗಳಲ್ಲಿ ಬಡವನ ಪಿಸ್ತೂಲು ಎಲ್ಲಿ ತಯಾರಾಗಬೇಕು, ಯಾವ ಲೋಹದಲ್ಲಿ, ಎಷ್ಟು ಉದ್ದದ ನಳಿಗೆಯೊಂದಿಗೆ, ಯಾವ ದಾರಿಯಲ್ಲಿ ಅವನ ಕೈ ಸೇರಬೇಕು ಎಂಬುದನ್ನೆಲ್ಲ ಬಂದೂಕು ಮಾಡುವ ಕುಶಲಕರ್ಮಿಗಿಂತ ಹೆಚ್ಚಾಗಿ ತೀರ್ಮಾನಿಸಿದವರು ಕಾನೂನು ಬರೆದವರು. ಅವರು ಅಗ್ಗದ ಪಿಸ್ತೂಲನ್ನು ತಡೆಯಲು ಹೊರಟಾಗಲೆಲ್ಲ ಅದು ಊರು ಬದಲಿಸಿತು, ಲೋಹ ಬದಲಿಸಿತು, ಹೆಸರು ಬದಲಿಸಿತು. ಮಾರುಕಟ್ಟೆ ಬಿಟ್ಟು ಮಾತ್ರ ಹೋಗಲಿಲ್ಲ.

ಈ ಕಥೆಯನ್ನು 1869ರಿಂದ ಹಿಡಿಯಬೇಕು. ಗುಂಡು, ಮದ್ದು, ಕೇಪು ಮೂರೂ ಒಂದೇ ಲೋಹದ ತೋಟಾದಲ್ಲಿರುವ, ಹಿಂದಿನಿಂದ ತುಂಬುವ ರಿವಾಲ್ವರನ್ನು ಅದಕ್ಕೆ ಮೊದಲು ಅಮೆರಿಕದಲ್ಲಿ ಹಕ್ಕಿನಿಂದ ಮಾಡಬಹುದಾಗಿದ್ದದ್ದು ಸ್ಮಿತ್ ಆಂಡ್ ವೆಸನ್ ಕಂಪನಿ. ಸಿಲಿಂಡರಿನ ಕೋಣೆಗಳನ್ನು ಈ ತುದಿಯಿಂದ ಆ ತುದಿಗೆ ಕೊರೆಯುವ ಉಪಾಯಕ್ಕೆ ರೋಲಿನ್ ವೈಟ್ ಎಂಬಾತ 1855ರಲ್ಲಿ ಪೇಟೆಂಟ್ ಪಡೆದಿದ್ದ. ಕಂಪನಿ ರಿವಾಲ್ವರಿಗೆ 25 ಸೆಂಟಿನಂತೆ ಅವನಿಗೆ ಕೊಡುತ್ತ ಹಕ್ಕನ್ನು ತನ್ನದಾಗಿಸಿಕೊಂಡಿತು. ಒಪ್ಪಂದದಲ್ಲೊಂದು ಜಾಣತನವಿತ್ತು: ನಕಲು ಮಾಡಿದವರ ಮೇಲೆ ದಾವೆ ಹೂಡುವ ಹೊಣೆ ವೈಟ್‌ನದು. ಹೀಗಾಗಿ ಅವನಿಗೆ ಬಂದದ್ದರಲ್ಲಿ ದೊಡ್ಡ ಪಾಲು ಕೋರ್ಟು ಖರ್ಚಿಗೆ ಹೋಯಿತು. ಅವಧಿ ಮುಗಿದ ಮೇಲೆ ಅವನಿಗೆ ವಿಸ್ತರಣೆಯ ದಾರಿ ತೆರೆಯುವ ಮಸೂದೆಗೆ ಕಾಂಗ್ರೆಸ್ ಒಪ್ಪಿತಾದರೂ 1870ರ ಜನವರಿಯಲ್ಲಿ ಅಧ್ಯಕ್ಷ ಗ್ರಾಂಟ್ ಅದಕ್ಕೆ ಸಹಿ ಹಾಕಲಿಲ್ಲ. ಪೇಟೆಂಟಿನ ಬೇಲಿ ಬಿದ್ದದ್ದೇ ತಡ, ಮ್ಯಾಸಚೂಸೆಟ್ಸ್‌ನ ವೂಸ್ಟರ್, ಕನೆಕ್ಟಿಕಟ್‌ನ ನಾರ್ವಿಚ್ ಮುಂತಾದ ಊರುಗಳ ಕಾರ್ಖಾನೆಗಳಿಂದ ಅಂಗೈಯಗಲದ ರಿವಾಲ್ವರುಗಳು ಹೊಳೆಯಾಗಿ ಹರಿದವು. ಕೋಲ್ಟ್ ಕಂಪನಿಯ ದೊಡ್ಡ ರಿವಾಲ್ವರಿಗೆ ಹದಿನೈದು ಡಾಲರಿಗೂ ಮೇಲೆ ಬೆಲೆಯಿದ್ದ ಕಾಲದಲ್ಲಿ ಇವು ಎರಡು ಮೂರು ಡಾಲರಿಗೆ ಸಿಗುತ್ತಿದ್ದವು. ಎಷ್ಟೋ ರಿವಾಲ್ವರುಗಳ ಮೇಲೆ ಮಾಡಿದವರ ಹೆಸರೇ ಇಲ್ಲ, ‘ಡಿಫೆಂಡರ್’, ‘ರೆಡ್ ಜಾಕೆಟ್’, ‘ಸ್ವಾಂಪ್ ಏಂಜಲ್’ ಎಂಬಂಥ ರಂಗಿನ ಹೆಸರುಗಳಷ್ಟೇ. ಸಿಯರ್ಸ್ ರೋಬಕ್ ಕಂಪನಿಯ ಕ್ಯಾಟಲಾಗಿನಲ್ಲಿ ಹೊಲಿಗೆ ಯಂತ್ರವನ್ನೂ ಮಕ್ಕಳ ಬಟ್ಟೆಯನ್ನೂ ನೋಡುತ್ತಲೇ ರಿವಾಲ್ವರನ್ನೂ ಆರಿಸಿ, ಅಂಚೆಯಲ್ಲಿ ತರಿಸಿಕೊಳ್ಳಬಹುದಿತ್ತು.

ಅಗ್ಗದ್ದೆಂದರೆ ಕಳಪೆ ಎಂಬ ಮಾತು ಆಗಲೇ ಹುಟ್ಟಿತ್ತು, ಬಹುಪಾಲು ನಿಜವೂ ಆಗಿತ್ತು. ಆದರೆ ಆ ಗುಂಪಿನಿಂದಲೇ ಎದ್ದುಬಂದ ಒಂದು ಉದಾಹರಣೆಯ ಬಳಿ ಸ್ವಲ್ಪ ನಿಲ್ಲಬೇಕು. ನಾರ್ವೆಯಿಂದ ವೂಸ್ಟರಿಗೆ ವಲಸೆ ಬಂದ ಐವರ್ ಜಾನ್ಸನ್ ಸ್ಥಾಪಿಸಿದ ಕಂಪನಿ 1894ರಲ್ಲಿ ಒಂದು ರಿವಾಲ್ವರ್ ತಂದಿತು. ಅದರ ಸುತ್ತಿಗೆ ತೋಟಾದ ಹಿಂದಿನ ಸೂಜಿಯನ್ನು ನೇರವಾಗಿ ಮುಟ್ಟುವುದೇ ಇಲ್ಲ. ಟ್ರಿಗರನ್ನು ಪೂರ್ತಿ ಎಳೆದಾಗ ಮಾತ್ರ ಒಂದು ಸಣ್ಣ ಉಕ್ಕಿನ ಪಟ್ಟಿ ಮೇಲೆದ್ದು ಎರಡರ ನಡುವೆ ಬಂದು ನಿಲ್ಲುತ್ತದೆ, ಪೆಟ್ಟನ್ನು ದಾಟಿಸುತ್ತದೆ. ಬೆರಳು ತೆಗೆದರೆ ಪಟ್ಟಿ ಇಳಿಯುತ್ತದೆ. ಆಮೇಲೆ ರಿವಾಲ್ವರ್ ಕೈತಪ್ಪಿ ನೆಲಕ್ಕೆ ಬಿದ್ದರೂ ಗುಂಡು ಹಾರದು. ಬೇಕಾದರೆ ಅದರ ಸುತ್ತಿಗೆಯನ್ನು ಇನ್ನೊಂದು ಸುತ್ತಿಗೆಯಿಂದ ಬಡಿದು ನೋಡಿ ಎಂದು ಕಂಪನಿ ಜಾಹೀರಾತು ಕೊಟ್ಟಿತು. ಇನ್ನೊಂದು ಜಾಹೀರಾತು ವಿಪರೀತಕ್ಕೆ ಹೋಗಿ, ಹಾಸಿಗೆಯಲ್ಲಿ ಕೂತ ಪುಟ್ಟ ಹುಡುಗಿಯ ಕೈಗೇ ರಿವಾಲ್ವರ್ ಕೊಟ್ಟು ಚಿತ್ರ ಬರೆಸಿತ್ತು; ಇಂದು ಅದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. 1901ರ ಸೆಪ್ಟೆಂಬರಿನಲ್ಲಿ ಬಫಲೋ ನಗರದಲ್ಲಿ ಅಧ್ಯಕ್ಷ ಮೆಕಿನ್ಲಿಯನ್ನು ಕೊಂದದ್ದೂ ಇದೇ ಮಾದರಿಯೇ. ಕೊಲೆಗಾರ ಅದನ್ನು ಅದೇ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ನಾಲ್ಕೂವರೆ ಡಾಲರಿಗೆ ಕೊಂಡಿದ್ದ. ಹಾಗಾಗಿ ಅದರ ಗುಣಗಾನ ಮಾಡುವುದು ನನ್ನ ಉದ್ದೇಶವಲ್ಲ. ಬಿದ್ದರೂ ಸಿಡಿಯದ ಪಿಸ್ತೂಲನ್ನು ಕೂಲಿಕಾರನ ಕೆಲವು ದಿನದ ದುಡಿಮೆಗೆ ಸಿಗುವಂತೆ ಮಾಡುವುದು 1894ರಲ್ಲೇ ಸಾಧ್ಯವಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ಇತ್ತ ದಕ್ಷಿಣದ ರಾಜ್ಯಗಳಲ್ಲಿ ಕಾನೂನು ಬೇರೊಂದು ದಾರಿ ಹಿಡಿದಿತ್ತು. ಸೈನಿಕರು ಬಳಸುವಂಥ ಪಿಸ್ತೂಲನ್ನು ಇಟ್ಟುಕೊಳ್ಳುವ ಹಕ್ಕು ನಾಗರಿಕನಿಗೆ ಇರಬಹುದೆಂದು ಟೆನೆಸಿಯ ಸುಪ್ರೀಂ ಕೋರ್ಟ್ 1871ರಲ್ಲಿ ಹೇಳಿತು. ಆ ಮಾತಿಗೆ ಹೊಂದುವಂತೆಯೇ 1879ರಲ್ಲಿ ಅಲ್ಲಿನ ಶಾಸನಸಭೆ, ಸೇನೆ ಮತ್ತು ನೌಕಾಪಡೆಯ ಮಾದರಿಗಳನ್ನು ಬಿಟ್ಟು ಉಳಿದ ಪಿಸ್ತೂಲುಗಳ ಮಾರಾಟವನ್ನು ನಿಷೇಧಿಸಿತು. 1881ರಲ್ಲಿ ಅರ್ಕನ್ಸಾ ಅದೇ ಜಾಡು ಹಿಡಿಯಿತು. ಸೌತ್ ಕ್ಯಾರೊಲಿನಾ 1901ರಲ್ಲಿ 20 ಇಂಚು ಉದ್ದ, 3 ಪೌಂಡ್ ತೂಕಕ್ಕಿಂತ ಕಡಿಮೆಯ ಪಿಸ್ತೂಲನ್ನೇ ನಿಷೇಧಿಸಿತು. ಅಷ್ಟುದ್ದದ್ದನ್ನು ಜೇಬಿನಲ್ಲಲ್ಲ, ಹೆಗಲ ಮೇಲೆ ಹೊರಬೇಕು. ಸೇನಾ ಮಾದರಿಯ ದೊಡ್ಡ ಕೋಲ್ಟ್, ರೆಮಿಂಗ್ಟನ್‌ಗಳು ಅಂತರ್ಯುದ್ಧದಿಂದ ಮರಳಿದ ಬಿಳಿಯ ಸೈನಿಕರ ಮನೆಗಳಲ್ಲಿ ಮೊದಲೇ ಇದ್ದವು. ಇಲ್ಲದವರು ಕೊಳ್ಳಬಹುದಾಗಿದ್ದದ್ದು ಎರಡು ಡಾಲರಿನದು, ಅದಕ್ಕೇ ಬಾಗಿಲು ಮುಚ್ಚಿತು. ಇದು ಜೇಬಿನಲ್ಲಿ ಬಚ್ಚಿಟ್ಟು ಒಯ್ಯುವುದನ್ನು ತಡೆಯಲು ಮಾಡಿದ ಕಾನೂನು, ಬಣ್ಣದ ಮಾತು ಪಠ್ಯದಲ್ಲಿ ಎಲ್ಲಿದೆ ಎಂದು ಕೇಳುವವರಿದ್ದಾರೆ. ಪಠ್ಯದಲ್ಲಿ ಇಲ್ಲ ನಿಜ. ಆದರೆ ದಕ್ಷಿಣದ್ದೇ ಆದ ಫ್ಲಾರಿಡಾದ ಒಂದು ಬಂದೂಕು ಕಾಯ್ದೆಯ ಬಗ್ಗೆ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬುಫರ್ಡ್ 1941ರ ವಾಟ್ಸನ್ ಪ್ರಕರಣದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ: ಅದು ಟರ್ಪೆಂಟೈನ್ ಮತ್ತು ಮರದ ಕೆಲಸಕ್ಕೆ ಬಂದ ಕಪ್ಪು ಕೂಲಿಗಳ ಕೈಯಿಂದ ಆಯುಧ ಕಸಿಯಲು ಆದ ಕಾನೂನು, ಬಿಳಿಯರಿಗೆ ಅನ್ವಯಿಸುವ ಉದ್ದೇಶ ಎಂದೂ ಇರಲಿಲ್ಲ ಎಂದು. ಟೆನೆಸಿಯ ಶಾಸಕರ ಮನಸ್ಸಿನಲ್ಲೂ ಅದೇ ಇತ್ತೆಂದು ಇದೊಂದರಿಂದ ಸಾಬೀತಾಗದು. ಆದರೆ ಬೆಲೆಯನ್ನೇ ಜರಡಿಯಾಗಿ ಹಿಡಿದರೆ ಕೆಳಗೆ ಬೀಳುವವರು ಯಾರೆಂದು ಆ ಕಾಲದ ಶಾಸಕನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಕಾನೂನಿನ ಕಣ್ಣು ಬೆಲೆಯಿಂದ ದಾರಿಯ ಕಡೆ ತಿರುಗಿತು. 1927ರ ಕೇಂದ್ರ ಕಾಯ್ದೆ, ಬಚ್ಚಿಡಬಹುದಾದ ಬಂದೂಕನ್ನು ಸರಕಾರಿ ಅಂಚೆಯಲ್ಲಿ ಕಳಿಸಬಾರದೆಂದಿತು. ಖಾಸಗಿ ಪಾರ್ಸೆಲ್ ಕಂಪನಿಗಳ ಮಾತನ್ನು ಎತ್ತಲಿಲ್ಲ. ಫಲ ಏನಾಯಿತೆಂದು 1963ರ ಒಂದು ರಸೀದಿ ಹೇಳುತ್ತದೆ. ‘ಎ. ಜೆ. ಹಿಡೆಲ್’ ಎಂಬ ಹೆಸರಿನಲ್ಲಿ ಒಬ್ಬಾತ ಲಾಸ್ ಏಂಜಲಿಸ್‌ನ ಅಂಗಡಿಗೆ 10 ಡಾಲರ್ ಮುಂಗಡ ಕಳಿಸಿ, ಎರಡನೇ ಮಹಾಯುದ್ಧ ಕಾಲದ ಸ್ಮಿತ್ ಆಂಡ್ ವೆಸನ್ ರಿವಾಲ್ವರನ್ನು ತರಿಸಿಕೊಂಡ. ನಳಿಗೆ ಕತ್ತರಿಸಿ ಗಿಡ್ಡ ಮಾಡಿದ ಅದರ ಬೆಲೆ 29 ಡಾಲರ್ 95 ಸೆಂಟ್. ಅದು ಅಂಚೆಯಲ್ಲಿ ಬರಲಿಲ್ಲ, ರೈಲ್ವೆ ಎಕ್ಸ್‌ಪ್ರೆಸ್ ಪಾರ್ಸೆಲ್‌ನಲ್ಲಿ ಬಂತು. ಬಾಕಿ ಹಣ ಮಾಲು ಕೈಗೆ ಬಂದ ಮೇಲೆ. ಅವನ ನಿಜವಾದ ಹೆಸರು ಲೀ ಹಾರ್ವಿ ಆಸ್ವಾಲ್ಡ್. ಅಧ್ಯಕ್ಷ ಕೆನಡಿಯ ಹತ್ಯೆಗೆ ಬಳಕೆಯಾದದ್ದು ಅವನು ತರಿಸಿಕೊಂಡಿದ್ದ ಇಟಲಿಯ ಹಳೆಯ ರೈಫಲ್. ಅದೇ ದಿನ ಡಲ್ಲಾಸ್‌ನ ಪೊಲೀಸ್ ಅಧಿಕಾರಿಯನ್ನು ಕೊಂದದ್ದು ಈ ರಿವಾಲ್ವರ್.

ಆ ಆಘಾತ, ಮುಂದೆ 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿಯವರ ಹತ್ಯೆ, ನಗರಗಳ ದಂಗೆಗಳು ಎಲ್ಲ ಸೇರಿ ಗನ್ ಕಂಟ್ರೋಲ್ ಆಕ್ಟ್‌ಗೆ ದಾರಿ ಮಾಡಿದವು. ಅದು ಬಂದೂಕಿನ ಅಂಚೆ ವ್ಯಾಪಾರವನ್ನು ಮುಚ್ಚಿತು, ಅಪರಾಧಿಗಳಿಗೆ ಮಾರುವುದನ್ನು ತಡೆಯಿತು. ಇವೆರಡೂ ಬೇಕಾದ ಕೆಲಸಗಳೇ. ಮೂರನೆಯದು ನಮ್ಮ ವಿಷಯ: ‘ಕ್ರೀಡೆಗೆ ಯೋಗ್ಯ’ವಲ್ಲದ ಪಿಸ್ತೂಲನ್ನು ಹೊರದೇಶದಿಂದ ತರುವಂತಿಲ್ಲ. ಯೋಗ್ಯತೆ ಅಳೆಯಲು ಖಜಾನೆ ಇಲಾಖೆ ಅಂಕಪಟ್ಟಿ ಮಾಡಿತು. ಉದ್ದಕ್ಕಿಷ್ಟು, ತೂಕಕ್ಕಿಷ್ಟು, ಗುರಿ ಹೊಂದಿಸುವ ಕಣ್ಣಿಗಿಷ್ಟು. ಪಿಸ್ತೂಲಿಗೆ 75 ಅಂಕ ಬಂದರೆ ಪಾಸು. ರಿವಾಲ್ವರಿನ ನಳಿಗೆ 3 ಇಂಚಿಗಿಂತ ಗಿಡ್ಡವಿರಬಾರದು. ಸಿನಿಮಾದ ಜೇಮ್ಸ್ ಬಾಂಡ್ ಹಿಡಿಯುವ ವಾಲ್ಥರ್ ಪಿಪಿಕೆ ಕೂಡ ಎತ್ತರ ಸಾಲದೆ ಈ ಪರೀಕ್ಷೆಯಲ್ಲಿ ನಪಾಸಾಯಿತು. ಕಂಪನಿ ಅದರ ಮೇಲ್ಭಾಗವನ್ನು ತನ್ನ ಇನ್ನೊಂದು ದೊಡ್ಡ ಪಿಸ್ತೂಲಿನ ಚೌಕಟ್ಟಿಗೆ ಕೂರಿಸಿ, ಹೊಸ ಹೆಸರಿಟ್ಟು ಪಾಸು ಮಾಡಿಸಿತು. ಅಮೆರಿಕದೊಳಗೇ ತಯಾರಾದ ಪಿಸ್ತೂಲಿಗೆ ಈ ಯಾವ ಅಂಕವೂ ಬೇಡ. ಬಂದೂಕು ನಿಯಂತ್ರಣಕ್ಕೆ ವರ್ಷಗಟ್ಟಲೆ ಹೋರಾಡಿದ ಸೆನೆಟರ್ ಥಾಮಸ್ ಡಾಡ್ ಕೋಲ್ಟ್ ಕಂಪನಿಯ ತವರಾದ ಕನೆಕ್ಟಿಕಟ್‌ನವರು. ಅವರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ, ಆದರೆ ಜರ್ಮನಿಯ ಅಗ್ಗದ ಮಾಲಿಗೆ ಬಾಗಿಲು ಮುಚ್ಚಿದ್ದು ಅವರ ಮತದಾರರ ಕಾರ್ಖಾನೆಗಳಿಗೆ ನಷ್ಟದ ಸುದ್ದಿಯಾಗಿರಲಿಲ್ಲ. ಜರ್ಮನಿಯ ರೋಮ್ ಕಂಪನಿ ಏನು ಮಾಡಿತು? ಕಾಯ್ದೆ ತಡೆದದ್ದು ಪಿಸ್ತೂಲನ್ನು, ಬಿಡಿಭಾಗಗಳನ್ನಲ್ಲ. ಮಯಾಮಿಯಲ್ಲಿ ಆರ್‌ಜಿ ಇಂಡಸ್ಟ್ರೀಸ್ ಎಂಬ ಕಾರ್ಖಾನೆ ಎದ್ದಿತು, ಭಾಗಗಳು ಹಡಗಿನಲ್ಲಿ ಬಂದು ಅಲ್ಲಿ ಜೋಡಣೆಯಾದವು. 1981ರಲ್ಲಿ ಅಧ್ಯಕ್ಷ ರೇಗನ್ ಮೇಲೆ ಹಾರಿದ ಗುಂಡು ಅಂಥದೇ ರಿವಾಲ್ವರಿನದು. ಡಲ್ಲಾಸ್‌ನ ಗಿರವಿ ಅಂಗಡಿಯಲ್ಲಿ 47 ಡಾಲರಿಗೆ ಕೊಂಡ ಅದರ ನಳಿಗೆ ಒಂದೂ ಮುಕ್ಕಾಲು ಇಂಚು.

ಆದರೆ ದೊಡ್ಡ ಪಲ್ಲಟ ನಡೆದದ್ದು ಲಾಸ್ ಏಂಜಲಿಸ್ ಸುತ್ತಮುತ್ತ. ವಿಮಾನದ ಭಾಗಗಳನ್ನು ಮಾಡುತ್ತಿದ್ದ ಸಣ್ಣ ವರ್ಕ್‌ಶಾಪಿನ ಮಾಲೀಕ ಜಾರ್ಜ್ ಜೆನಿಂಗ್ಸ್, ಆಮದು ನಿಂತು ಖಾಲಿಯಾದ ಜಾಗವನ್ನು ಕಂಡು, 1970ರಲ್ಲಿ ರೇವನ್ ಆರ್ಮ್ಸ್ ಆರಂಭಿಸಿದ. ಚೌಕಟ್ಟು, ಸ್ಲೈಡು ಎರಡೂ ಸತುವಿನ ಮಿಶ್ರಲೋಹದ ಎರಕ, ಒಳಗೊಂದು ಉಕ್ಕಿನ ನಳಿಗೆ, ನೂರು ಡಾಲರಿಗೂ ಕಡಿಮೆ ಬೆಲೆ. ಮುಂದೆ ಅವನ ಮಗ, ಅಳಿಯ, ಬಳಗದವರು ಒಬ್ಬೊಬ್ಬರಾಗಿ ಕಂಪನಿ ತೆರೆದರು: ಜೆನಿಂಗ್ಸ್, ಬ್ರೈಕೊ, ಡೇವಿಸ್, ಲೋರ್ಸಿನ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯ ಗ್ಯಾರೆನ್ ವಿಂಟೆಮ್ಯೂಟ್ 1994ರಲ್ಲಿ ಈ ಕಂಪನಿಗಳ ಮೇಲೆ ‘ಬೆಂಕಿಯ ಬಳೆ’ ಎಂಬ ಅರ್ಥದ ಹೆಸರಿಟ್ಟು ವರದಿ ಬರೆದಾಗ, ಅಮೆರಿಕದಲ್ಲಿ ತಯಾರಾಗುವ ಕೈಬಂದೂಕುಗಳಲ್ಲಿ ಸುಮಾರು ಮೂರನೇ ಒಂದು ಪಾಲು ಅವುಗಳದ್ದಾಗಿತ್ತು. ಆಮದನ್ನು ತಡೆದ ಕಾಯ್ದೆ ಕಾಲು ಶತಮಾನದಲ್ಲಿ ಹುಟ್ಟಿಸಿದ ಸ್ವದೇಶಿ ಉದ್ಯಮವಿದು.

ಇದಕ್ಕೆ ಕಾನೂನನ್ನು ದೂರುವುದೇಕೆ, ಎರಕದ ತಂತ್ರಜ್ಞಾನ ಬೆಳೆಯಿತು, ಬೆಲೆ ಇಳಿಯಿತು ಎನ್ನಬಹುದು. ಕಾಲದ ಲೆಕ್ಕ ಹೊಂದುವುದಿಲ್ಲ. ಅಚ್ಚಿಗೆ ಒತ್ತಡದಲ್ಲಿ ಎರೆಯುವ ಈ ಸತುವಿನ ಮಿಶ್ರಲೋಹ 1929ರಿಂದಲೇ ಇತ್ತು. ಆಟಿಕೆ, ಬಾಗಿಲ ಹಿಡಿ, ಕಾರ್ಬುರೇಟರ್ ಎಲ್ಲಕ್ಕೂ ಬಳಕೆಯಾಗುತ್ತಿತ್ತು. ಜಗತ್ತಿನೆಲ್ಲೆಡೆಯ ಅಗ್ಗದ ಮಾಲು ಸಲೀಸಾಗಿ ಬರುತ್ತಿದ್ದಷ್ಟು ಕಾಲ ಅದರಿಂದ ಇಷ್ಟು ದೊಡ್ಡ ಪಿಸ್ತೂಲು ಉದ್ಯಮ ಕಟ್ಟುವ ಅಗತ್ಯ ಯಾರಿಗೂ ಬೀಳಲಿಲ್ಲ. 1968ರ ನಂತರ ಕೆಲವು ರಾಜ್ಯಗಳು ಲೋಹದ ಹಿಂದೆ ಬಿದ್ದವು. ಇಲಿನಾಯ್, ಸೌತ್ ಕ್ಯಾರೊಲಿನಾದಂಥವು 800 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಎಂದರೆ ಸುಮಾರು 427 ಸೆಲ್ಸಿಯಸ್‌ಗಿಂತ ಕಡಿಮೆ ಶಾಖಕ್ಕೆ ಕರಗುವ ಲೋಹದ ಪಿಸ್ತೂಲನ್ನು ಮಾರಬಾರದೆಂದವು. ಸತುವಿನ ಮಿಶ್ರಲೋಹ 390ರ ಆಸುಪಾಸಿನಲ್ಲೇ ಕರಗುತ್ತದೆ. ಪಿಸ್ತೂಲು ಎಷ್ಟು ಶಾಖಕ್ಕೆ ಕರಗುತ್ತದೆಂಬುದಕ್ಕೂ ಅದು ಮಗುವಿನ ಕೈಯಲ್ಲಿ ಸಿಡಿಯುತ್ತದೋ ಇಲ್ಲವೋ ಎಂಬುದಕ್ಕೂ ನೇರ ಸಂಬಂಧವಿಲ್ಲ. ಸಂಬಂಧ ಇದ್ದದ್ದು ಬೆಲೆಯೊಂದಿಗೆ.

ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಅಗ್ಗದ ಪಿಸ್ತೂಲು ಜೀವ ತೆಗೆಯುತ್ತದೆ; ಬಡವರ ಹಕ್ಕಿನ ಮಾತು ಬಂದೂಕು ಲಾಬಿಯ ಮುಖವಾಡ ಎಂಬುದು. ಮೊದಲ ಭಾಗ ನಿಜ: 90ರ ದಶಕದಲ್ಲಿ ಅಪರಾಧದ ಜಾಗದಲ್ಲಿ ಸಿಕ್ಕು ಮೂಲ ಪತ್ತೆಗೆ ಬಂದ ಪಿಸ್ತೂಲುಗಳ ಪಟ್ಟಿಯ ಮೇಲ್ಸಾಲಿನಲ್ಲಿ ಲೋರ್ಸಿನ್ ಇತ್ತು. ಆದರೆ ಜೇಮ್ಸ್ ರೈಟ್ ಮತ್ತು ಪೀಟರ್ ರಾಸಿ ಎಂಬ ಸಮಾಜಶಾಸ್ತ್ರಜ್ಞರು ಹತ್ತು ರಾಜ್ಯಗಳ ಜೈಲುಗಳಲ್ಲಿ 1,800ಕ್ಕೂ ಹೆಚ್ಚು ಕೈದಿಗಳನ್ನು ಕೇಳಿ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಳಗಿದ ಅಪರಾಧಿಗಳು ಬಯಸುವುದು ದೊಡ್ಡದಾದ, ಚೆನ್ನಾಗಿ ತಯಾರಾದ ಪಿಸ್ತೂಲನ್ನು ಎಂದು ಕಂಡುಬಂತು. ಕದ್ದು ತರುವವನಿಗೆ ಅಂಗಡಿಯ ಬೆಲೆ ಅಡ್ಡಿಯಲ್ಲವಲ್ಲ. ಇನ್ನು ಮುಖವಾಡದ ಮಾತು. 1968ರ ಕಾಯ್ದೆ ಹತೋಟಿಗೆ ತರಲು ಹೊರಟದ್ದು ಬಂದೂಕನ್ನಲ್ಲ, ಕಪ್ಪು ಜನರನ್ನು ಎಂದು ಮೊದಲು ಜೋರಾಗಿ ಬರೆದವರಲ್ಲೊಬ್ಬ ರಾಬರ್ಟ್ ಶೆರಿಲ್. ಬಂದೂಕು ಲಾಬಿಯನ್ನು ಗೇಲಿ ಮಾಡಿದ ಪತ್ರಕರ್ತನೇ ಆತ.

ಹಾಗಾದರೆ ಅಗ್ಗದ ಪಿಸ್ತೂಲು ಮಾಡುವವರನ್ನು ಅವರ ಪಾಡಿಗೆ ಬಿಡಬೇಕಿತ್ತೇ? ಇಲ್ಲ. ಬ್ರೈಕೊದ ಪ್ರಕರಣ ನೋಡಿ. ಅದರ ಒಂದು ಮಾದರಿಯಲ್ಲಿ ಗುಂಡನ್ನು ಹೊರತೆಗೆಯಬೇಕಾದರೆ ಸ್ಲೈಡನ್ನು ಹಿಂದೆಳೆಯಬೇಕು. ಸೇಫ್ಟಿ ಹಾಕಿದ್ದರೆ ಸ್ಲೈಡು ಕದಲದು. ಎಂದರೆ ಪಿಸ್ತೂಲನ್ನು ಖಾಲಿ ಮಾಡಿ ಅಪಾಯ ತಪ್ಪಿಸಲು ಹೊರಟವನು ಮೊದಲು ಅದನ್ನು ಸಿಡಿಯಲು ಸಿದ್ಧಗೊಳಿಸಬೇಕು. 1994ರಲ್ಲಿ ಕ್ಯಾಲಿಫೋರ್ನಿಯಾದ ಮನೆಯೊಂದರಲ್ಲಿ ಹಾಗೆ ಮಾಡುವಾಗಲೇ ಗುಂಡು ಹಾರಿ ಏಳು ವರ್ಷದ ಹುಡುಗನ ಕುತ್ತಿಗೆಗೆ ಕೆಳಗೆ ಸ್ವಾಧೀನ ತಪ್ಪಿತು. 1894ರಲ್ಲಿ ಐವರ್ ಜಾನ್ಸನ್ ಕೆಲವು ಡಾಲರಿಗೆ ಕೊಟ್ಟ ಎಚ್ಚರಿಕೆ ನೂರು ವರ್ಷದ ನಂತರ ಏಕೆ ಕಾಣೆಯಾಯಿತು? ಐವರ್ ಜಾನ್ಸನ್ ಕಂಪನಿಯವರು ಹತ್ತಾರು ಪೈಪೋಟಿಗಾರರ ನಡುವೆ ಮಾರಬೇಕಿತ್ತು, ಸುರಕ್ಷೆಯೇ ಅವರ ಜಾಹೀರಾತು. ಕ್ಯಾಲಿಫೋರ್ನಿಯಾದವರಿಗೆ ಹೊರದೇಶದ ಅಗ್ಗದ ಮಾಲಿನ ಭಯವನ್ನು ಕಾಯ್ದೆಯೇ ತೆಗೆದಿತ್ತು. ಒಳಗೆ ಗುಣಮಟ್ಟ ಕೇಳುವವರೂ ಇರಲಿಲ್ಲ, ಏಕೆಂದರೆ 70ರ ದಶಕದಲ್ಲಿ ಹುಟ್ಟಿದ ಗ್ರಾಹಕ ಸುರಕ್ಷತಾ ಆಯೋಗಕ್ಕೆ ಬಂದೂಕಿನ ಮೇಲೆ ಅಧಿಕಾರವಿಲ್ಲವೆಂದು ಕಾಂಗ್ರೆಸ್ಸೇ ಬರೆದಿಟ್ಟಿದೆ. ಟೆಡ್ಡಿ ಬೊಂಬೆಯ ಕಣ್ಣು ಕಿತ್ತುಬಂದರೆ ಆಯೋಗ ಕೇಳಬಹುದು, ಪಿಸ್ತೂಲು ಬಿದ್ದು ಸಿಡಿದರೆ ಕೇಳುವಂತಿಲ್ಲ. ಹುಡುಗನ ಪರ 2003ರಲ್ಲಿ ಬಂದ ಕೋಟಿಗಟ್ಟಲೆ ಡಾಲರಿನ ತೀರ್ಪಿಗೆ ಬ್ರೈಕೊ ದಿವಾಳಿಯಾಯಿತು. ಹರಾಜಿನಲ್ಲಿ ಕಾರ್ಖಾನೆಯನ್ನು ಕೊಂಡದ್ದು ಅದೇ ಕಂಪನಿಯ ಹಳೆಯ ಮೇಸ್ತ್ರಿ. ಹೊಸ ಹೆಸರು ಹಾಕಿ, ಕೆಲವು ವರ್ಷಗಳಲ್ಲಿ ಪಕ್ಕದ ನೆವಾಡಕ್ಕೆ ಸಾಗಿಸಿದ.

ಸಾಗಿಸಿದ್ದೇಕೆಂದರೆ, ಅಷ್ಟರಲ್ಲಿ ಕ್ಯಾಲಿಫೋರ್ನಿಯಾ ಬೇರೆ ಬಗೆಯ ಪ್ರಶ್ನೆ ಕೇಳತೊಡಗಿತ್ತು. 1999ರಲ್ಲಿ ಅಂಗೀಕಾರವಾದ ಅಲ್ಲಿನ ಕಾಯ್ದೆ ಪಿಸ್ತೂಲಿನ ಬೆಲೆಯನ್ನಾಗಲಿ ಲೋಹವನ್ನಾಗಲಿ ಮೂಲ ದೇಶವನ್ನಾಗಲಿ ನೋಡದೆ, ಎತ್ತರದಿಂದ ಬೀಳಿಸಿ ನೋಡಿತು. ನೂರಾರು ಗುಂಡು ಹಾರಿಸಿ ನೋಡಿತು. ಪಾಸಾದದ್ದು ಪಟ್ಟಿಗೆ, ಉಳಿದದ್ದು ಆಚೆಗೆ. ಇದರಿಂದಲೂ ಬೆಲೆ ಏರಿತು, ಬಡವನೇ ಹೆಚ್ಚು ತೆತ್ತ ಎನ್ನುವುದು ಸುಳ್ಳಲ್ಲ. ಆದರೆ ಅವನು ತೆತ್ತದ್ದಕ್ಕೆ ಬದಲಾಗಿ ಒಂದು ವಸ್ತುಗುಣ ಸಿಕ್ಕಿತು. ಟೆನೆಸಿಯಲ್ಲಿ ತೆತ್ತವನಿಗೆ ಏನೂ ಸಿಕ್ಕಿರಲಿಲ್ಲ. ಹೈ-ಪಾಯಿಂಟಿನಂಥ ತಯಾರಕರು ಅದೇ ಸತುವನ್ನಿಟ್ಟುಕೊಂಡು, ಗಾತ್ರ ಹಿಗ್ಗಿಸಿ, ಯಾರ ಕೈಗೆ ಹೋದರೂ ಆಜೀವ ರಿಪೇರಿ ಎಂಬ ಭರವಸೆ ಸೇರಿಸಿ ಇನ್ನೂರು ಡಾಲರಿನ ಆಸುಪಾಸಿನಲ್ಲಿ ಮಾರಿ ಉಳಿದುಕೊಂಡದ್ದನ್ನು ನೋಡಿದರೆ, ದೋಷ ಲೋಹದ್ದಾಗಿರಲಿಲ್ಲ ಎಂಬುದು ಸ್ಪಷ್ಟ.

ನಮ್ಮ ಕಡೆಯಿಂದ ನೋಡುವಾಗ ಒಂದು ವ್ಯತ್ಯಾಸ ಮರೆಯಬಾರದು. ಭಾರತದಲ್ಲಿ ಬೇಲಿ ಹಾಕಿದ್ದು ಬೆಲೆಯಿಂದಲ್ಲ, ಪರವಾನಗಿಯಿಂದ. 1878ರ ಆಯುಧ ಕಾಯ್ದೆ ಭಾರತೀಯನಿಗೆ ಲೈಸೆನ್ಸ್ ಕೇಳಿತು, ಯುರೋಪಿಯನ್ನನಿಗೆ ವಿನಾಯಿತಿ ಕೊಟ್ಟಿತು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಬ್ರಿಟಿಷರ ಕಾಲದಿಂದ ನಡೆದುಬಂದು, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ನವೀಕರಣವಾಯಿತು. ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಕೈಲ್ ಮುಹೂರ್ತದ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಸಮುದಾಯದ ಹೆಸರನ್ನು ಇಲ್ಲಿನ ಕಾನೂನು ಬಾಯಿಬಿಟ್ಟು ಹೇಳುತ್ತದೆ. ಅಮೆರಿಕದ ಸಂವಿಧಾನದಲ್ಲಿ ಆಯುಧದ ಹಕ್ಕು ಬರೆದಿರುವುದರಿಂದ ಅಲ್ಲಿ ಯಾರಿಗೆ ಬೇಡ ಎಂದು ನೇರವಾಗಿ ಹೇಳಲಾಗದು. ಆ ಮಾತನ್ನು ಇಂಚು, ಪೌಂಡು, ಡಿಗ್ರಿ, ಅಂಕಗಳಲ್ಲಿ ಹೇಳಬೇಕಾಯಿತು.

2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬ್ರೂಯನ್ ಪ್ರಕರಣದಲ್ಲಿ, ಬಂದೂಕಿನ ಯಾವುದೇ ಕಾನೂನು ಉಳಿಯಬೇಕಾದರೆ ದೇಶದ ಇತಿಹಾಸದಲ್ಲಿನ ಬಂದೂಕು ನಿಯಂತ್ರಣದ ಪರಂಪರೆಗೆ ಅದು ಹೊಂದುವಂತಿರಬೇಕೆಂದಿತು. ಅಂದಿನಿಂದ ಎರಡೂ ಕಡೆಯ ವಕೀಲರು ಹತ್ತೊಂಬತ್ತನೆಯ ಶತಮಾನದ ರಾಜ್ಯ ಕಾಯ್ದೆಗಳ ಧೂಳು ಕೊಡವುತ್ತಿದ್ದಾರೆ: ಸರಕಾರದ ವಕೀಲರಿಗೆ ಅವು ನಿಯಂತ್ರಣದ ಪರಂಪರೆ, ಎದುರು ವಕೀಲರಿಗೆ ವರ್ಣಭೇದದ ಪರಂಪರೆ. ಕ್ಯಾಲಿಫೋರ್ನಿಯಾದ ಪಟ್ಟಿಯೂ ಆ ಗಾಳಿಗೆ ಸಿಕ್ಕಿತು. ತೋಟಾದ ಮೇಲೆ ಸೂಕ್ಷ್ಮ ಗುರುತು ಒತ್ತಬೇಕು, ಕೋಣೆಯಲ್ಲಿ ಗುಂಡಿದ್ದರೆ ಸೂಚನೆ ಕಾಣಬೇಕು ಎಂಬಂಥ ಕಾಲಾನಂತರ ಸೇರಿದ ಷರತ್ತುಗಳಿಗೆ 2023ರ ಮಾರ್ಚ್‌ನಲ್ಲಿ ಅಲ್ಲಿನ ಕೇಂದ್ರ ನ್ಯಾಯಾಲಯವೊಂದು ತಡೆ ಕೊಟ್ಟಿತು. ಪಿಸ್ತೂಲನ್ನು ಬೀಳಿಸಿ ನೋಡುವ ಪರೀಕ್ಷೆಯನ್ನು ಆ ದಾವೆಯಲ್ಲಿ ಪಿಸ್ತೂಲು ಕೊಳ್ಳುವವರ ಪರ ನಿಂತವರೂ ಪ್ರಶ್ನಿಸಿರಲಿಲ್ಲ.